ಲೋಗೋ, ಪ್ಯಾಕೆಟ್ ಡಿಸೈನ್ ಯಾರ ಹತ್ತಿರ ಮಾಡಿಸೋದು? ಕೊಟೇಶನ್ ಓದುವ ಮೊದಲು ತಿಳಿದಿರಬೇಕಾದ ಮಾತುಗಳು

ಮನೆಯಲ್ಲೇ ಚಟ್ನಿಪುಡಿ, ಹಪ್ಪಳ, ಕಾಫಿಪುಡಿ ಮಾಡಿ ಮಾರುವವರು ಈಗ ಜಾಸ್ತಿ ಆಗಿದ್ದಾರೆ. ಅಕ್ಕಪಕ್ಕದವರಿಗೆ ಕೊಡುವಷ್ಟು ದಿನ ಸಾದಾ ಕವರ್ ಸಾಕು. ಅಂಗಡಿಯಲ್ಲಿ ಇಡಬೇಕು ಅಂದಾಗ ಲೋಗೋ ಬೇಕು, ಲೇಬಲ್ ಬೇಕು, ಬೋರ್ಡ್ ಬೇಕು. ವಿಚಾರಿಸಿದರೆ ಮೂರು ಕಡೆಯಿಂದ ಮೂರು ರೇಟು. ಡಿಟಿಪಿ ಅಂಗಡಿಯವರು ಎರಡು ಸಾವಿರ ಅಂದರು, ಫ್ರೀಲ್ಯಾನ್ಸರ್ (ಸ್ವತಂತ್ರವಾಗಿ ಕೆಲಸ ಮಾಡುವ ಡಿಸೈನರ್) ಇಪ್ಪತ್ತೈದು ಸಾವಿರ ಅಂದರು, ಸ್ಟುಡಿಯೋದವರು ಒಂದೂವರೆ ಲಕ್ಷ ಪ್ಲಸ್ ಜಿಎಸ್‌ಟಿ ಅಂದರು ಎಂದಿಟ್ಟುಕೊಳ್ಳಿ. ಒಂದು ಲೋಗೋಗೆ ಇಷ್ಟೊಂದು ವ್ಯತ್ಯಾಸವಾ, ಇದರಲ್ಲಿ ಯಾರು ಟೋಪಿ ಹಾಕುತ್ತಿದ್ದಾರೆ ಅಂತ ಅನುಮಾನ ಬರುವುದು ಸಹಜ.

ಸಾಮಾನ್ಯವಾಗಿ ಯಾರೂ ಟೋಪಿ ಹಾಕುತ್ತಿರುವುದಿಲ್ಲ. ಮೂವರು ಕೊಡುವುದೂ ಬೇರೆ ಬೇರೆ, ಮೇಲಿನ ಹೆಸರು ಮಾತ್ರ ಒಂದೇ. ಒಬ್ಬರು ಒಂದು ಚಿತ್ರ ಕೊಡುತ್ತಾರೆ. ಇನ್ನೊಬ್ಬರು ಚಿತ್ರದ ಜೊತೆ ಅದರ ಹಕ್ಕನ್ನೂ ಕೊಡುತ್ತಾರೆ. ಮತ್ತೊಬ್ಬರು ಅದನ್ನು ಎಲ್ಲೆಲ್ಲಿ ಹೇಗೆ ಬಳಸಬೇಕು ಎನ್ನುವ ಪುಸ್ತಕವನ್ನೂ ಸೇರಿಸುತ್ತಾರೆ. ಯಾರು ಏನು ಕೊಡುತ್ತಿದ್ದಾರೆ ಎನ್ನುವುದು ಕೊಟೇಶನ್‌ನ ನಾಲ್ಕೈದು ಪದಗಳಲ್ಲಿ ಅಡಗಿರುತ್ತದೆ. ಅವು ಗೊತ್ತಾಗದೆ ಬರೀ ಮೊತ್ತ ಹೋಲಿಸಿದರೆ ಪ್ರಯೋಜನವಿಲ್ಲ. ಹಾಗಾಗಿ ಮೊದಲು ಯಾವುದನ್ನು ನೋಡಬೇಕು ಅಂತ ಹೇಳುತ್ತೇನೆ, ಆಮೇಲೆ ಒಂದೊಂದೇ ಆಯ್ಕೆಗೆ ಬರೋಣ.

ಹಕ್ಕು ಯಾರದ್ದು?

ಎಲ್ಲಕ್ಕಿಂತ ಮೊದಲು ಇದನ್ನೇ ಕೇಳಿ. ದುಡ್ಡು ಕೊಟ್ಟಿದ್ದೇನೆ, ಲೋಗೋ ನನ್ನದೇ ಅಲ್ವಾ ಅನ್ನಬಹುದು. ನಮ್ಮ 1957ರ ಕಾಪಿರೈಟ್ ಕಾಯ್ದೆ ಹಾಗೆ ಹೇಳುವುದಿಲ್ಲ. ಲೋಗೋದಂಥ ಕೆಲಸವನ್ನು ಹೊರಗಿನ ಡಿಸೈನರ್ ಒಬ್ಬರು ಮಾಡಿಕೊಟ್ಟರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಮೊದಲ ಮಾಲೀಕರು ಸಾಮಾನ್ಯವಾಗಿ ಆ ಡಿಸೈನರೇ. ನಿಮ್ಮದೇ ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ್ದರೆ ಮಾತ್ರ ಅದು ನಿಮ್ಮದು. ತಮಾಷೆ ಅಂದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ ನಿಯಮ ಉಲ್ಟಾ. ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ ಅದು ತೆಗೆಸಿದವರದ್ದು.

ಇಲ್ಲಿ ಎರಡು ಪದ ಬರುತ್ತವೆ: ಅಸೈನ್‌ಮೆಂಟ್ ಮತ್ತು ಲೈಸೆನ್ಸ್. ಅಸೈನ್‌ಮೆಂಟ್ ಅಂದರೆ ಹಕ್ಕನ್ನೇ ನಿಮಗೆ ಬರೆದುಕೊಡುವುದು. ಲೈಸೆನ್ಸ್ ಅಂದರೆ ಹಕ್ಕು ಅವರ ಬಳಿಯೇ ಇರುತ್ತದೆ, ನೀವು ಬಳಸಬಹುದು ಅಷ್ಟೇ. ಸ್ವಂತ ಮನೆಗೂ ಬಾಡಿಗೆ ಮನೆಗೂ ಇರುವಷ್ಟೇ ವ್ಯತ್ಯಾಸ. ಎರಡರಲ್ಲೂ ವಾಸ ಮಾಡಬಹುದು, ಗೋಡೆ ಒಡೆಯುವ ಹೊತ್ತಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಅಸೈನ್‌ಮೆಂಟ್ ಬರಹದಲ್ಲಿರಬೇಕು, ಡಿಸೈನರ್ ಸಹಿ ಇರಬೇಕು. ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷಕ್ಕೆ ಅಂತಲೇ ಓದುತ್ತದೆ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಿಮ್ಮ ಚಟ್ನಿಪುಡಿ ನಾಳೆ ದುಬೈನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರ ಮನೆಗೆ ಹೋಗಬಹುದು. ಆದ್ದರಿಂದ 'ಕಾಪಿರೈಟ್ ಇರುವಷ್ಟೂ ಕಾಲಕ್ಕೆ, ಜಗತ್ತಿನ ಎಲ್ಲ ಕಡೆಗೆ' ಎಂಬ ಒಂದು ಸಾಲು ಸೇರಿಸಿಕೊಳ್ಳಿ. ಆ ಸಾಲಿಗೆ ಡಿಸೈನರ್ ಸ್ವಲ್ಪ ಜಾಸ್ತಿ ಕೇಳಿದರೆ ಕೊಡುವುದರಲ್ಲಿ ತಪ್ಪೇನಿಲ್ಲ.

ಟ್ರೇಡ್‌ಮಾರ್ಕ್, ಅಂದರೆ ನಿಮ್ಮ ಸರಕಿನ ಹೆಸರು, ಗುರುತನ್ನು ನಿಮ್ಮದೆಂದು ನೋಂದಾಯಿಸುವುದು, ಬೇರೆ ವಿಷಯ. ಅದನ್ನು ಡಿಸೈನರ್ ಕೊಡುವುದಿಲ್ಲ, ನೀವೇ ಅರ್ಜಿ ಹಾಕಿ ಪಡೆಯಬೇಕು. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ಕ್ಲಾಸ್‌ಗೆ (ಸರಕಿನ ವರ್ಗಕ್ಕೆ) 4,500 ರೂಪಾಯಿ ಸರ್ಕಾರಿ ಶುಲ್ಕ. ನೋಂದಣಿ 10 ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ಕಾಫಿ, ಮಸಾಲೆ 30ನೇ ಕ್ಲಾಸ್‌ಗೆ ಬರುತ್ತವೆ, ಉಪ್ಪಿನಕಾಯಿ 29ಕ್ಕೆ. ಎರಡೂ ಮಾರುವವರು ಎರಡು ಸಲ ಕಟ್ಟಬೇಕಾಗುತ್ತದೆ.

ಯಾವ ಫೈಲ್ ಕೈಗೆ ಬರುತ್ತದೆ?

ಜೆಪಿಜಿ, ಪಿಎನ್‌ಜಿ ಚುಕ್ಕಿಗಳಿಂದ ಆದ ಚಿತ್ರಗಳು. ಮೊಬೈಲ್‌ನಲ್ಲಿ ಚೆನ್ನಾಗಿ ಕಾಣುತ್ತವೆ. ಅದನ್ನೇ ಹತ್ತು ಅಡಿ ಬೋರ್ಡ್‌ಗೆ ಹಿಗ್ಗಿಸಿದರೆ ಒಡೆಯುತ್ತದೆ. ವೆಕ್ಟರ್ ಫೈಲ್ ಗೆರೆಗಳ ಲೆಕ್ಕದಲ್ಲಿ ಇರುತ್ತದೆ, ಸ್ಟಿಕ್ಕರ್‌ಗೂ ಬೋರ್ಡ್‌ಗೂ ಒಂದೇ ಫೈಲ್ ಸಾಕು. ಎಐ, ಇಪಿಎಸ್, ಎಸ್‌ವಿಜಿ, ಸಿಡಿಆರ್ ಇವು ವೆಕ್ಟರ್ ಇಡುವ ಫೈಲ್‌ಗಳು. ಪಿಡಿಎಫ್ ಎರಡೂ ಆಗಬಹುದು.

ಡಿಸೈನರ್ ಕೆಲಸ ಮಾಡಿದ ಮೂಲ ಫೈಲ್‌ಗೆ ಸೋರ್ಸ್ ಫೈಲ್ ಅಥವಾ ಓಪನ್ ಫೈಲ್ ಅನ್ನುತ್ತಾರೆ. ಕೊಟೇಶನ್‌ನಲ್ಲಿ 'ಫೈನಲ್ ಫೈಲ್ಸ್' ಅಂತ ಮಾತ್ರ ಇದ್ದರೆ ಇದು ಸೇರಿರದೇ ಇರಬಹುದು. ಸೋರ್ಸ್ ಇಲ್ಲದೆ ಮುಂದೆ ಫೋನ್ ನಂಬರ್ ಬದಲಿಸಬೇಕು ಅಂದರೂ ಅದೇ ವ್ಯಕ್ತಿಯನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಊರುಗಳ ಪ್ರೆಸ್‌ಗಳಲ್ಲಿ ಕೋರೆಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್‌ನ ಹಳೇ ವರ್ಷನ್ ಇರುವುದು ಸಾಮಾನ್ಯ, ಹೊಸ ವರ್ಷನ್‌ನ ಸಿಡಿಆರ್ ಅದರಲ್ಲಿ ತೆರೆಯುವುದಿಲ್ಲ. ಜೊತೆಗೊಂದು ಪಿಡಿಎಫ್ ಇಟ್ಟುಕೊಂಡರೆ ತಲೆನೋವು ಕಡಿಮೆ.

ಮಾಕಪ್ ಬಗ್ಗೆಯೂ ಎಚ್ಚರ. ನಿಮ್ಮ ಲೋಗೋ ಚಂದದ ಚೀಲದ ಮೇಲೆ, ಕಾಫಿ ಕಪ್ ಮೇಲೆ, ಗಾಜಿನ ಬಾಗಿಲ ಮೇಲೆ ಇರುವ ಚಿತ್ರ ತೋರಿಸುತ್ತಾರಲ್ಲ, ಅದು ಮಾಕಪ್. ಅದು ಒಪ್ಪಿಸುವುದಕ್ಕೆ ಮಾಡಿದ ಚಿತ್ರ, ಪ್ರಿಂಟ್‌ಗೆ ಹೋಗುವ ಫೈಲ್ ಅಲ್ಲ. ಅದನ್ನು ನೋಡಿ ಮರುಳಾಗುವವರು ತುಂಬಾ. ಲೋಗೋವನ್ನು ಬಿಳಿ ಹಾಳೆಯ ಮೇಲೆ, ಒಂದೇ ಬಣ್ಣದಲ್ಲಿ, ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ ತೋರಿಸಿ ಅಂತ ಕೇಳಿ.

ಕನ್ನಡ ಗೊತ್ತಾ?

ಕನ್ನಡ ಮಾತಾಡಲು ಬರುತ್ತದಾ ಅಂತಲ್ಲ, ಕನ್ನಡದ ಅಕ್ಷರ ಜೋಡಿಸಲು ಬರುತ್ತದಾ ಅಂತ. ಮೊದಲು ಇಂಗ್ಲಿಷ್ ಲೋಗೋ ಮಾಡಿ ಆಮೇಲೆ ಅದರ ಕೆಳಗೆ ಕನ್ನಡವನ್ನು ತುರುಕುವುದು ಮಾಮೂಲಿ ಕಾಯಿಲೆ. ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ ಎಲ್ಲಾ ಬರುತ್ತವೆ. ಅದಕ್ಕೆ ಜಾಗ ಬಿಡದಿದ್ದರೆ 'ಅಮ್ಮ'ನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. 2024ರ ತಿದ್ದುಪಡಿಯ ನಂತರ ರಾಜ್ಯದಲ್ಲಿ ಅಂಗಡಿ, ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹಾಗಾಗಿ ಕನ್ನಡ ರೂಪವನ್ನೇ ಮೊದಲು ಮಾಡಿಸುವುದು ಲಾಭ. ಆಮೇಲೆ ಮಾಡಿಸಿದರೆ ಮತ್ತೊಂದು ಬಿಲ್.

ಫಾಂಟ್ ವಿಷಯದಲ್ಲಿ ಎರಡು ಪ್ರಶ್ನೆ ಇವೆ. ಒಂದು, ಅದು ಯೂನಿಕೋಡ್ (ಎಲ್ಲ ಫೋನ್, ಕಂಪ್ಯೂಟರ್‌ಗಳೂ ಓದುವ ಅಕ್ಷರ ವ್ಯವಸ್ಥೆ) ಹೌದಾ, ಅಲ್ಲವಾ? ಪ್ರೆಸ್‌ಗಳಲ್ಲಿ ಇವತ್ತಿಗೂ ಹಳೇ ನುಡಿ, ಶ್ರೀಲಿಪಿಯಲ್ಲಿ ಟೈಪ್ ಮಾಡುತ್ತಾರೆ. ಪ್ರಿಂಟ್‌ಗೆ ಅದು ಸಾಕು. ಅದೇ ಬರಹವನ್ನು ಕಾಪಿ ಮಾಡಿ ವೆಬ್‌ಸೈಟ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಎರಡು, ಫಾಂಟ್‌ನ ಲೈಸೆನ್ಸ್ ಯಾರ ಹೆಸರಲ್ಲಿದೆ? ಡಿಸೈನರ್ ಕೊಂಡ ಫಾಂಟ್ ನಿಮಗೆ ತಾನಾಗಿ ಬರುವುದಿಲ್ಲ. ಬಜೆಟ್ ಕಡಿಮೆ ಇದ್ದರೆ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಲೈಸೆನ್ಸಿನ ಕನ್ನಡ ಫಾಂಟ್‌ಗಳಿವೆ: ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಬೆಣ್ಣೆ, ಹುಬ್ಬಳ್ಳಿ. ವ್ಯಾಪಾರಕ್ಕೆ ಬಳಸಲು ಅಡ್ಡಿಯಿಲ್ಲ.

ಫೈಲ್ ಕೊಡುವಾಗ 'ಕರ್ವ್ಸ್ ಮಾಡಿ ಕೊಡಿ' ಅನ್ನುತ್ತಾರೆ. ಅಕ್ಷರವನ್ನು ಆಕಾರವಾಗಿ ಬದಲಿಸುವುದು ಅಂತ ಅರ್ಥ. ಹಾಗೆ ಮಾಡಿದರೆ ಯಾವ ಕಂಪ್ಯೂಟರ್‌ನಲ್ಲೂ ಒತ್ತು, ಕೊಂಬು ಕೆಡುವುದಿಲ್ಲ. ಆದರೆ ತಿದ್ದಲು ಆಗುವುದಿಲ್ಲ. ಕರ್ವ್ಸ್ ಮಾಡಿದ್ದೊಂದು, ಮಾಡದ್ದೊಂದು, ಎರಡನ್ನೂ ಕೇಳಿ ಪಡೆಯಿರಿ.

ಸ್ಕೋಪ್, ಕಾನ್ಸೆಪ್ಟ್, ರಿವಿಷನ್

ಬ್ರೀಫ್ ಅಂದರೆ ನಿಮಗೆ ಏನು ಬೇಕು ಅಂತ ನೀವು ಬರೆದುಕೊಡುವ ಚೀಟಿ. ಸ್ಕೋಪ್ ಅಂದರೆ ಆ ದುಡ್ಡಿಗೆ ಅವರು ಮಾಡುವ ಕೆಲಸದ ಎಲ್ಲೆ. ಕಾನ್ಸೆಪ್ಟ್ ಅಂದರೆ ಒಂದಕ್ಕೊಂದು ಬೇರೆಯಾದ ಯೋಚನೆ. ಒಂದೇ ಲೋಗೋವನ್ನು ಮೂರು ಬಣ್ಣದಲ್ಲಿ ತೋರಿಸಿದರೆ ಅದು ಮೂರು ಕಾನ್ಸೆಪ್ಟ್ ಅಲ್ಲ. ರಿವಿಷನ್ ಅಂದರೆ ಆರಿಸಿದ ಒಂದನ್ನು ತಿದ್ದುವುದು. ಮೂರನೇ ಸುತ್ತಿನಲ್ಲಿ 'ಇದು ಬೇಡ, ಹೊಸದು ಮಾಡಿ' ಅಂದರೆ ಅದು ರಿವಿಷನ್ ಅಲ್ಲ, ಹೊಸ ಕೆಲಸ. ಜಗಳಗಳೆಲ್ಲ ಹುಟ್ಟುವುದು ಇಲ್ಲೇ.

'ಅನ್‌ಲಿಮಿಟೆಡ್ ರಿವಿಷನ್' ಅಂತ ಬರೆದಿದ್ದರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ. ಕೊನೆಯಿಲ್ಲದ ಕೆಲಸಕ್ಕೆ ಯಾರೂ ಮನಸ್ಸಿಟ್ಟು ಕೂರುವುದಿಲ್ಲ. ಎರಡು ಕಾನ್ಸೆಪ್ಟ್, ಮೂರು ಸುತ್ತು ತಿದ್ದುಪಡಿ, ಅದರ ಮೇಲೆ ಪ್ರತಿ ಸುತ್ತಿಗೆ ಇಷ್ಟು ಅಂತ ಬರೆದಿರುವ ಕೊಟೇಶನ್ ನಂಬಿಕೆಗೆ ಹತ್ತಿರ.

ಪ್ರಿಂಟ್ ತನಕ ಜೊತೆಗಿರುತ್ತಾರಾ?

ಪರದೆಯ ಬಣ್ಣ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕು), ಪ್ರೆಸ್‌ನ ಬಣ್ಣ ಸಿಎಂವೈಕೆ (ನಾಲ್ಕು ಬಣ್ಣದ ಇಂಕು). ಫೋನ್‌ನಲ್ಲಿ ಹೊಳೆಯುವ ಎಳೆ ಹಸಿರು ಕಾಗದದ ಮೇಲೆ ಮಂಕಾಗುವುದು ಇದಕ್ಕೇ. ಬಣ್ಣ ಪ್ರತಿ ಸಲ ಒಂದೇ ಥರ ಬರಬೇಕು ಅಂದರೆ ಪ್ಯಾಂಟೋನ್ ನಂಬರ್ (ಪ್ರತಿ ಬಣ್ಣಕ್ಕೂ ಇರುವ ಗೊತ್ತಾದ ಸಂಖ್ಯೆ) ಕೇಳಿ. ಬ್ಲೀಡ್ ಅಂದರೆ ಕತ್ತರಿಸುವ ಗೆರೆಯ ಆಚೆಗೂ ಡಿಸೈನನ್ನು ಸಾಮಾನ್ಯವಾಗಿ 3 ಮಿ.ಮೀ. ಮುಂದುವರಿಸುವುದು. ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಡೈಲೈನ್ ಅಂದರೆ ಡಬ್ಬಿ ಅಥವಾ ಪೌಚ್ ಬಿಚ್ಚಿಟ್ಟಾಗ ಎಲ್ಲಿ ಕತ್ತರಿ, ಎಲ್ಲಿ ಮಡಿಕೆ ಅಂತ ತೋರಿಸುವ ನಕ್ಷೆ. ಅದನ್ನು ಪ್ಯಾಕಿಂಗ್ ಮಾಡಿಕೊಡುವವರಿಂದಲೇ ಮೊದಲು ಪಡೆದು ಡಿಸೈನರ್‌ಗೆ ಕೊಡಬೇಕು.

ಪೌಚ್ ಪ್ರಿಂಟ್ ಮಾಡಿಸುವವರು ಒಂದು ಮಾತು ನೆನಪಿಡಿ. ಗ್ರವ್ಯೂರ್, ಅಂದರೆ ಕೆತ್ತಿದ ಸಿಲಿಂಡರ್‌ನಿಂದ ಮಾಡುವ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಮಾಡಿಸಬೇಕು. ಡಿಸೈನರ್ ಖುಷಿಗೆ ಎರಡು ಬಣ್ಣ ಜಾಸ್ತಿ ಹಾಕಿದರೆ ಖರ್ಚು ನಿಮ್ಮದು. ಶುರುವಿನಲ್ಲಿ ಸಾದಾ ಪೌಚ್‌ಗೆ ಒಳ್ಳೆ ಸ್ಟಿಕ್ಕರ್ ಅಂಟಿಸುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ರುಚಿ, ತೂಕ, ಬೆಲೆ ಎಲ್ಲಾ ಬದಲಾಗುವ ಕಾಲ ಅದು.

ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಹಸಿರು ಚುಕ್ಕಿ, ನಿವ್ವಳ ತೂಕ, ಎಂಆರ್‌ಪಿ ಇವೆಲ್ಲ 'ಕಂಟೆಂಟ್'. ಅದು ಸರಿ ಇರುವ ಹೊಣೆ ನಿಮ್ಮದೇ. ಪ್ರೂಫ್‌ಗೆ (ಪ್ರಿಂಟ್‌ಗೆ ಮುಂಚೆ ತೋರಿಸುವ ಮಾದರಿಗೆ) ಓಕೆ ಅಂದ ಮೇಲೆ ಬಂದ ತಪ್ಪಿಗೆ ಡಿಸೈನರನ್ನೂ ಪ್ರೆಸ್‌ನವರನ್ನೂ ದೂರಿ ಉಪಯೋಗವಿಲ್ಲ.

ಆಯ್ಕೆಗಳಿಗೆ ಬರೋಣ

ಮೊದಲನೆಯದು ಕ್ಯಾನ್ವಾದಂಥ ಆಪ್‌ನಲ್ಲಿ ಸಿಗುವ ಟೆಂಪ್ಲೇಟ್, ಅಂದರೆ ಸಿದ್ಧ ಮಾದರಿ. ಖರ್ಚು ಹೆಚ್ಚುಕಡಿಮೆ ಇಲ್ಲ, ಇವತ್ತೇ ಆಗುತ್ತದೆ. ಹಬ್ಬದ ಆಫರ್, ವಾಟ್ಸಾಪ್ ಸ್ಟೇಟಸ್, ಸಂತೆ ಮಳಿಗೆಯ ಪೋಸ್ಟರ್‌ಗೆ ಧಾರಾಳವಾಗಿ ಬಳಸಿ. ಲೋಗೋಗೆ ಮಾತ್ರ ಬೇಡ. ಅಲ್ಲಿನ ಟೆಂಪ್ಲೇಟ್, ಚಿತ್ರಗಳು ನಿಮಗೆ ಸಿಗುವುದು ಲೈಸೆನ್ಸ್ ಆಗಿ, ಅದೂ ನಿಮ್ಮೊಬ್ಬರಿಗೇ ಅಲ್ಲ. ಅದೇ ಎಲೆಯ ಚಿತ್ರ ಇನ್ನೊಬ್ಬರ ಹಪ್ಪಳದ ಮೇಲೂ ಇರಬಹುದು. ಅದನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅವರ ನಿಯಮವೇ ಬಿಡುವುದಿಲ್ಲ. ಫಾಂಟ್, ಸಾದಾ ಗೆರೆ, ವೃತ್ತ ಇಷ್ಟರಲ್ಲೇ ಹೆಸರು ಬರೆದುಕೊಂಡರೆ ಆ ತೊಂದರೆ ಇಲ್ಲ. ಎಐ, ಅಂದರೆ ಕೃತಕ ಬುದ್ಧಿಮತ್ತೆ, ಮಾಡಿಕೊಟ್ಟ ಚಿತ್ರದ ಕಥೆಯೂ ಹೆಚ್ಚುಕಡಿಮೆ ಇದೇ: ಸಿಗುವುದು ಸಾಮಾನ್ಯವಾಗಿ ಚುಕ್ಕಿಯ ಚಿತ್ರ, ಕನ್ನಡದ ಒತ್ತುಗಳು ಎಲ್ಲೆಲ್ಲೋ ಹೋಗಿರಬಹುದು.

ಎರಡನೆಯದು ಡಿಟಿಪಿ ಅಂಗಡಿ ಅಥವಾ ಪ್ರೆಸ್. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲೋ ನಿಮ್ಮ ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಪಕ್ಕದಲ್ಲೋ ಇರುವವರು. ಇವರನ್ನು ಕಡಿಮೆ ಅಂದಾಜು ಮಾಡುವವರೇ ಜಾಸ್ತಿ, ನಾನು ಹಾಗೆ ಮಾಡುವುದಿಲ್ಲ. ಕಾಗದ, ಇಂಕು, ಕಟಿಂಗ್ ವಿಷಯದಲ್ಲಿ ಇವರಿಗೆ ಗೊತ್ತಿರುವಷ್ಟು ಎಷ್ಟೋ ಡಿಸೈನರ್‌ಗಳಿಗೆ ಗೊತ್ತಿಲ್ಲ. ಕನ್ನಡ ಟೈಪಿಂಗ್ ಬೇಗ ಆಗುತ್ತದೆ, ಕಾಗುಣಿತದ ತಪ್ಪೂ ಕಡಿಮೆ. ಪಕ್ಕದಲ್ಲೇ ಕೂತು ತಿದ್ದಿಸಬಹುದು. ದುರ್ಬಲ ಜಾಗ ಹೊಸ ಯೋಚನೆ. ಗೂಗಲ್‌ನಿಂದ ಇಳಿಸಿದ ಚಿತ್ರ ನಿಮ್ಮ ಲೋಗೋ ಆಗಿಬಿಡುವ ಅಪಾಯ ಇದೆ. ಲೋಗೋ ಬೇರೆಯವರಿಂದ ಮಾಡಿಸಿ, ಬಿಲ್ ಬುಕ್, ಕರಪತ್ರ, ವಿಸಿಟಿಂಗ್ ಕಾರ್ಡ್‌ಗಳ ಜೋಡಣೆ ಇಲ್ಲಿ ಮಾಡಿಸುವುದು ಒಳ್ಳೆ ದಾರಿ. ಡಿಸೈನ್ ಫ್ರೀ, ಪ್ರಿಂಟ್‌ಗೆ ಮಾತ್ರ ದುಡ್ಡು ಅಂದಾಗ ಫೈಲ್ ಕೊಡುತ್ತೀರಾ ಅಂತ ಕೇಳಿಬಿಡಿ. ಕೊಡುವುದಿಲ್ಲ ಅಂದರೆ ಪ್ರತಿ ಸಲವೂ ಅಲ್ಲಿಗೇ ಹೋಗಬೇಕು.

ಮೂರನೆಯದು 99ಡಿಸೈನ್ಸ್‌ನಂಥ ವೆಬ್‌ಸೈಟ್‌ಗಳಲ್ಲಿ ನಡೆಯುವ ಕಾಂಟೆಸ್ಟ್. ನೀವು ಬಹುಮಾನ ಘೋಷಿಸುತ್ತೀರಿ, ಹಲವರು ಡಿಸೈನ್ ಕಳಿಸುತ್ತಾರೆ, ಒಬ್ಬರಿಗೆ ದುಡ್ಡು. ನಮ್ಮ ರೂಪಾಯಿ ಚಿಹ್ನೆ ಬಂದದ್ದೂ ಸ್ಪರ್ಧೆಯಿಂದಲೇ. 2010ರಲ್ಲಿ ಆಯ್ಕೆಯಾದ ಡಿ. ಉದಯ ಕುಮಾರ್ ಅವರಿಗೆ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಬಹುಮಾನ ಕೊಟ್ಟಿತು. ಆದರೆ ರೂಪಾಯಿ ಅಂದರೆ ಏನು ಅಂತ ದೇಶಕ್ಕೆಲ್ಲ ಗೊತ್ತಿತ್ತು. ನಿಮ್ಮ ಅಗಸೆ ಚಟ್ನಿಪುಡಿ ಏನು, ಯಾರು ತಿನ್ನುತ್ತಾರೆ ಅಂತ ಯಾವುದೋ ದೇಶದಲ್ಲಿ ಕೂತವರಿಗೆ ಗೊತ್ತಿಲ್ಲ. ಕನ್ನಡ ಅಕ್ಷರವಂತೂ ಮರೆತುಬಿಡಿ. ಸೋತವರಿಗೆಲ್ಲ ಪುಕ್ಕಟೆ ಕೆಲಸ ಆಯಿತಲ್ಲ ಎನ್ನುವುದೂ ನನಗೆ ಸರಿ ಕಾಣುವುದಿಲ್ಲ. ಹೊರದೇಶದಲ್ಲಿ ಮಾರುವ, ಇಂಗ್ಲಿಷ್ ಹೆಸರಿನ ವ್ಯವಹಾರಕ್ಕಾದರೆ ಯೋಚಿಸಬಹುದು.

ನಾಲ್ಕನೆಯದು ಫ್ರೀಲ್ಯಾನ್ಸರ್. ಹೆಚ್ಚಿನ ಸಣ್ಣ ವ್ಯಾಪಾರಕ್ಕೆ ಇದೇ ಹೊಂದುತ್ತದೆ. ನೀವು ಮಾತಾಡುವ ವ್ಯಕ್ತಿಯೇ ಕೆಲಸ ಮಾಡುತ್ತಾರೆ. ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ, ದಾವಣಗೆರೆಯ ದೃಶ್ಯಕಲಾ ಕಾಲೇಜು, ಇಂಥ ಕಲಾ ಶಾಲೆಗಳಿಂದ ಬಂದ ಹುಡುಗರು ಹುಡುಗಿಯರು ಸಿಗುತ್ತಾರೆ. ಕೈಬರಹದ ಕನ್ನಡ ಅಕ್ಷರ ಬಿಡಿಸುವವರು ಸಿಕ್ಕರಂತೂ ಬಿಡಬೇಡಿ. ಅಂಥ ಲೋಗೋಗೆ ಫಾಂಟ್ ಲೈಸೆನ್ಸಿನ ಗೊಡವೆಯೂ ಇಲ್ಲ. ಪೋರ್ಟ್‌ಫೋಲಿಯೋ (ಅವರು ಹಿಂದೆ ಮಾಡಿದ ಕೆಲಸಗಳ ಸಂಗ್ರಹ) ನೋಡುವಾಗ ನಿಜವಾಗಿ ಪ್ರಿಂಟ್ ಆಗಿರುವ ಒಂದು ಪ್ಯಾಕೆಟ್ ತೋರಿಸಿ ಅನ್ನಿ. ಅಪಾಯ ಏನೆಂದರೆ, ಅವರಿಗೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದರೆ ನೀವು ಮಧ್ಯದಲ್ಲಿ ನಿಲ್ಲುತ್ತೀರಿ. ಅದಕ್ಕೇ ಅಸೈನ್‌ಮೆಂಟ್ ಪತ್ರ, ಸೋರ್ಸ್ ಫೈಲ್ ಎರಡೂ ಇಲ್ಲಿ ತುಂಬಾ ಮುಖ್ಯ.

ಐದನೆಯದು ಸ್ಟುಡಿಯೋ ಅಥವಾ ಏಜೆನ್ಸಿ. ಇಲ್ಲಿ ಲೋಗೋ ಜೊತೆ ಬ್ರ್ಯಾಂಡ್ ಗೈಡ್‌ಲೈನ್ ಬರುತ್ತದೆ. ಬಣ್ಣದ ನಂಬರ್, ಫಾಂಟ್, ಲೋಗೋ ಸುತ್ತ ಬಿಡಬೇಕಾದ ಜಾಗ, ಮಾಡಬಾರದ್ದು ಎಲ್ಲಾ ಬರೆದ ಪುಸ್ತಕ ಅದು. ಹತ್ತು ಬಗೆಯ ಪುಡಿ, ಮೂರು ಅಂಗಡಿ, ವೆಬ್‌ಸೈಟ್ ಎಲ್ಲವೂ ಒಂದೇ ಮನೆಯದ್ದು ಅಂತ ಕಾಣಬೇಕಾದರೆ ಅದು ಬೇಕೇ ಬೇಕು. ಒಂದೇ ಪುಡಿ, ಒಂದೇ ಪ್ಯಾಕೆಟ್ ಇರುವವರಿಗೆ ಬೇಡ, ಸುಮ್ನೆ ದುಡ್ಡು ಖರ್ಚು. ಸಹಿ ಹಾಕುವ ಮೊದಲು 'ಈ ಕೆಲಸ ನಿಮ್ಮ ನೌಕರರೇ ಮಾಡುತ್ತಾರಾ, ಹೊರಗೆ ಕೊಡುತ್ತೀರಾ' ಅಂತ ಸ್ಟುಡಿಯೋದವರನ್ನು ಕೇಳಿ. ಹೊರಗಿನವರು ಮಾಡಿದರೆ ಅವರಿಂದ ಹಕ್ಕು ಬರೆಸಿಕೊಳ್ಳದೆ ಸ್ಟುಡಿಯೋ ನಿಮಗೆ ಬರೆದುಕೊಡಲು ಆಗುವುದಿಲ್ಲ.

ಯಾರಿಗೆ ಯಾವುದು

ಇನ್ನೂ ಪರೀಕ್ಷೆ ಮಾಡುತ್ತಿದ್ದೀರಿ, ಆರು ತಿಂಗಳು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ ಅಂದರೆ ಮುಕ್ತ ಫಾಂಟ್‌ನಲ್ಲಿ ಹೆಸರು, ಡಿಟಿಪಿಯಲ್ಲಿ ಸ್ಟಿಕ್ಕರ್. ಅಷ್ಟು ಸಾಕು. ಅಂಗಡಿಗಳು ಮತ್ತೆ ಮತ್ತೆ ಆರ್ಡರ್ ಕೊಡುತ್ತಿದ್ದರೆ ಫ್ರೀಲ್ಯಾನ್ಸರ್ ಹಿಡಿಯಿರಿ. ಕನ್ನಡ ಲೋಗೋ, ಒಂದು ಲೇಬಲ್, ಅಸೈನ್‌ಮೆಂಟ್ ಇಷ್ಟೇ ಮಾಡಿಸಿ ಟ್ರೇಡ್‌ಮಾರ್ಕ್‌ಗೆ ಹಾಕಿ. ಬಜೆಟ್ ಬಿಗಿ ಇದ್ದರೆ ಕಾನ್ಸೆಪ್ಟ್ ಸಂಖ್ಯೆ ಕಡಿಮೆ ಮಾಡಿ, ಹಕ್ಕನ್ನು ಬಿಡಬೇಡಿ. ಬ್ಯಾಂಕ್ ಸಾಲ ತಗೊಂಡು, ಯಂತ್ರ ಹಾಕಿ, ಸೂಪರ್‌ಮಾರ್ಕೆಟ್ ಕಪಾಟಿಗೆ ಹೋಗುವವರು ಸ್ಟುಡಿಯೋ ಮಾತಾಡಿಸಬಹುದು. ಸ್ವಸಹಾಯ ಸಂಘದವರಾದರೆ ಮೊದಲೇ ಒಂದು ನಿರ್ಧಾರ ಮಾಡಿ: ಹಕ್ಕು ಸಂಘದ ಹೆಸರಿಗಾ, ಅಧ್ಯಕ್ಷರ ಹೆಸರಿಗಾ? ಅಧ್ಯಕ್ಷರು ಬದಲಾಗುತ್ತಿರುತ್ತಾರೆ, ಸಂಘದ ಹೆಸರೇ ವಾಸಿ.

ದುಡ್ಡಿನ ಲೆಕ್ಕ

ಡಿಸೈನ್ ಸೇವೆಗೆ ಜಿಎಸ್‌ಟಿ ಶೇ. 18. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಫ್ರೀಲ್ಯಾನ್ಸರ್‌ಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ, ಹಾಗಾಗಿ ಬಿಲ್‌ನಲ್ಲಿ ಅದು ಇರುವುದಿಲ್ಲ. ನೀವೇ ಜಿಎಸ್‌ಟಿ ಕಟ್ಟುವವರಾದರೆ ಸ್ಟುಡಿಯೋ ಹಾಕಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕಾಂಪೊಸಿಶನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಗೊತ್ತಾದ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ) ಅಥವಾ ನೋಂದಣಿಯೇ ಇಲ್ಲದಿದ್ದರೆ ಅದು ಪೂರ್ತಿ ನಿಮ್ಮ ಖರ್ಚು. ಹೋಲಿಸುವಾಗ ಇದನ್ನು ಸೇರಿಸಿಯೇ ಲೆಕ್ಕ ಹಾಕಿ.

ಅಡ್ವಾನ್ಸ್ ಕೇಳಿದರೆ ಬೇಸರ ಬೇಡ, ಅದು ಈ ಕೆಲಸದ ರೂಢಿ. ಮೂರು ಕಂತು ಮಾಡಿಕೊಂಡರೆ ಇಬ್ಬರಿಗೂ ನೆಮ್ಮದಿ: ಶುರುವಿನಲ್ಲಿ, ಕಾನ್ಸೆಪ್ಟ್ ಒಪ್ಪಿದಾಗ, ಫೈಲ್ ಬಂದಾಗ. ಕಿಲ್ ಫೀ ಎಂಬ ಮಾತು ಕಂಡರೆ ಗಾಬರಿಯಾಗಬೇಡಿ. ನೀವು ಮಧ್ಯದಲ್ಲಿ ಕೆಲಸ ನಿಲ್ಲಿಸಿದರೆ ಅಲ್ಲಿಯ ತನಕದ ಶ್ರಮಕ್ಕೆ ಕೊಡುವ ಮೊತ್ತ ಅದು. ಅಂಥ ಸಮಯದಲ್ಲಿ ಅರ್ಧ ಆದ ಡಿಸೈನ್ ಯಾರದ್ದು ಅಂತಲೂ ಅಲ್ಲೇ ಬರೆಸಿ.

ಕೊನೆಯ ಕಂತು ಕೊಡುವ ಮುನ್ನ ಫೈಲ್ ತೆರೆಸಿ ನೋಡಿ. ನಿಮ್ಮ ಹತ್ತಿರ ಆ ಸಾಫ್ಟ್‌ವೇರ್ ಇಲ್ಲದಿದ್ದರೆ ಪರಿಚಯದ ಪ್ರೆಸ್‌ಗೆ ಪೆನ್‌ಡ್ರೈವ್ ತಗೊಂಡು ಹೋಗಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಲೆಕ್ಕಕ್ಕಿಲ್ಲ. ಲೋಗೋವನ್ನು ಆದಷ್ಟು ದೊಡ್ಡದು ಮಾಡಿಸಿ. ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ, ಜೆಪಿಜಿಯನ್ನೇ ಕೋರೆಲ್ ಫೈಲ್ ಒಳಗೆ ಇಟ್ಟು ಕೊಟ್ಟಿದ್ದಾರೆ ಅಂತ ಅರ್ಥ. ಆಗ ವೆಕ್ಟರ್ ಮಾಡಿಸಿಕೊಂಡೇ ದುಡ್ಡು ಕೊಡಿ.